ಅಳೆದು ನೋಡುವ ವಿದ್ಯೆ

(ಮಿಡ್ಲ್ ಸ್ಕೂಲು ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳಿಗೆ ವಿಜ್ಞಾನದ ಅಭ್ಯಾಸ ಮಾಡಿಸುವುದು ಹೇಗೆಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಮೇಷ್ಟರ ಕೆಲಸ ಬಿಟ್ಟು ಪಕ್ಷದ ಕೆಲಸಕ್ಕೆ ಬಂದವನು. ಮೆಟ್ರಿಕ್ಕಿನ ಆಚೆಗೆ ಓದಿದವನಲ್ಲ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ಅಳತೆ, ಹೊಂದಾಣಿಕೆ, ಪರಿಸರ ವ್ಯವಸ್ಥೆ ಎಂಬ ಪಾಠಗಳನ್ನು ಬಾಯಿಪಾಠ ಮಾಡಿಸಿದರೆ ಮಗು ಪಾಸಾಗಬಹುದು. ಕೈಯಿಂದ ಮಾಡಿಸಿದರೆ ಮಾತ್ರ ಅದು ನಾಳೆ ಮೋಸಹೋಗದ ಮನುಷ್ಯನಾಗುತ್ತದೆ.

ಮೊದಲು ಅಳತೆಯನ್ನು ತೆಗೆದುಕೊಳ್ಳೋಣ. ದ್ರವ್ಯರಾಶಿಯ ಮೂಲಮಾನ ಕಿಲೋಗ್ರಾಂ ಎಂದು ಹತ್ತು ಸಲ ಬರೆಸುವುದು ಸುಲಭ. ಅದರ ಬದಲು ಮಕ್ಕಳಿಂದಲೇ ಒಂದು ಕಳ್ಳ ತಕ್ಕಡಿ ಮಾಡಿಸಿ. ಅದರ ಒಂದು ತೋಳು 20 ಸೆಂಟಿಮೀಟರ್, ಇನ್ನೊಂದು 22 ಇರಲಿ. ಬರಿದಾಗಿರುವಾಗ ಕೋಲು ಸಮವಾಗಿ ನಿಲ್ಲುವಂತೆ ಗಿಡ್ಡ ತೋಳಿನ ತಟ್ಟೆಯ ಕೆಳಗೆ ಮೇಣ ಅಂಟಿಸಲಿ. ನೋಡುವವರಿಗೆ ಅದು ಸಾಚಾ ತಕ್ಕಡಿಯೇ. ಆದರೆ ಗಿಡ್ಡ ತೋಳಿಗೆ 1 ಕಿಲೋ ಕಲ್ಲು, ಉದ್ದ ತೋಳಿಗೆ ಅಕ್ಕಿ ಹಾಕಿದರೆ ಸುಮಾರು 909 ಗ್ರಾಂ ಅಕ್ಕಿಗೇ ಕೋಲು ಸಮನಾಗುತ್ತದೆ. ತಟ್ಟೆ ಅದಲುಬದಲು ಮಾಡಿದರೆ 1100 ಗ್ರಾಂ ಬೇಕಾಗುತ್ತದೆ. ಎಂದರೆ ಮಾರುವಾಗ ಒಂದು ಕಡೆ, ರೈತನಿಂದ ಕೊಳ್ಳುವಾಗ ಇನ್ನೊಂದು ಕಡೆ. ಎರಡು ಸಲವೂ ಲಾಭ ಒಬ್ಬನಿಗೇ! 'ತಟ್ಟೆ ಬದಲಿಸಿ ಇನ್ನೊಮ್ಮೆ ತೂಗಿ' ಎಂದು ಕೇಳಲು ಕಲಿತ ಹುಡುಗಿಯ ಮುಂದೆ ಈ ಆಟ ನಡೆಯದು. ಈಗ ವಿದ್ಯುತ್ ತಕ್ಕಡಿ ಬಂದಿದೆ. ಅಲ್ಲಿಯೂ ಸಾಮಾನು ಇಡುವ ಮೊದಲು ಸೊನ್ನೆ ಇದೆಯೇ ಎಂದು ನೋಡಬೇಕು. ಸೇರು, ಮಣಗಳ ಗೊಂದಲ ತೆಗೆದು ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಮಾನ ತರಲು 1956ರಲ್ಲಿ ಕಾಯಿದೆ ಆಯಿತು. ಆದರೆ ಪ್ರತಿಯೊಂದು ಅಂಗಡಿಯ ತಕ್ಕಡಿಯ ಮುಂದೆ ಕಾಯಿದೆ ನಿಂತಿರುವುದಿಲ್ಲ. ಅಲ್ಲಿ ನಿಲ್ಲುವವರು ನಾವು.

ಎರಡನೆಯದು ಹೊಂದಾಣಿಕೆ. ನಿಂತ ನೀರಿನಿಂದ ಒಂದು ಲೋಟದಲ್ಲಿ ಸೊಳ್ಳೆಯ ಮರಿಹುಳುಗಳನ್ನು ತಂದು ತೋರಿಸಿ. ಕ್ಯೂಲೆಕ್ಸ್ ಜಾತಿಯ ಮರಿ ಬಾಲದ ಕಡೆಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್‌ನ ಮರಿಗೆ ಆ ಕೊಳವೆಯಿಲ್ಲ. ಅದು ನೀರಿನ ಮೇಲೆ ಅಡ್ಡ ಮಲಗಿರುತ್ತದೆ. ನೋಡಿಯಾದ ಮೇಲೆ ಆ ನೀರನ್ನು ಒಣ ನೆಲಕ್ಕೆ ಚೆಲ್ಲಿಬಿಡಿ.

'ಸೊಳ್ಳೆ ಡಿಡಿಟಿಗೆ ಹೊಂದಿಕೊಂಡಿತು' ಎಂದು ಮಗು ಬರೆದರೆ ಅಲ್ಲಿಗೇ ಬಿಡಬೇಡಿ. ಯಾವ ಸೊಳ್ಳೆಯೂ ಪಟ್ಟುಹಿಡಿದು ಹೊಂದಿಕೊಳ್ಳಲಿಲ್ಲ. ಸಾವಿರಾರು ಸೊಳ್ಳೆಗಳಲ್ಲಿ ವಿಷ ತಡೆಯುವ ಗುಣ ಹುಟ್ಟಿನಿಂದಲೇ ಇದ್ದ ಕೆಲವು ಉಳಿದವು, ಉಳಿದವುಗಳ ಸಂತಾನ ಬೆಳೆಯಿತು. ನಮ್ಮ ದೇಶದಲ್ಲಿ 1961ರಲ್ಲಿ ಸುಮಾರು 50 ಸಾವಿರಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು 1976ರಲ್ಲಿ 64 ಲಕ್ಷ ದಾಟಿದುದಕ್ಕೆ ಇದ್ದ ಹಲವು ಕಾರಣಗಳಲ್ಲಿ ಇದೂ ಒಂದು.

ಈ 'ಹೊಂದಾಣಿಕೆ' ಎಂಬ ಮಾತು ಉಳ್ಳವರಿಗೆ ಬಹಳ ಪ್ರಿಯ. ಕೂಲಿ ಕಡಮೆಯಾದರೆ 'ಹೊಂದಿಕೊಂಡು ಹೋಗಪ್ಪ' ಎನ್ನುತ್ತಾರೆ. ಜೀವಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಹಸಿದ ಮಗು ಹಸಿವಿಗೆ ಹೊಂದಿಕೊಳ್ಳುವುದಿಲ್ಲ, ಕುಗ್ಗುತ್ತದೆ. ಶಾಲೆಯ ಗೋಡೆಗೆ ಅಳತೆಪಟ್ಟಿ ಬರೆದು ಆರು ತಿಂಗಳಿಗೊಮ್ಮೆ ಮಕ್ಕಳ ಎತ್ತರ ಗುರುತು ಹಾಕಿ. ಯಾರ ಬೆಳವಣಿಗೆ ನಿಂತಿದೆಯೆಂದು ಆ ಗೋಡೆಯೇ ಹೇಳುತ್ತದೆ.

ಕೊನೆಯದು ಪರಿಸರ ವ್ಯವಸ್ಥೆ. ಇದಕ್ಕೆ ಆಫ್ರಿಕದ ಹುಲ್ಲುಗಾವಲಿನ ಚಿತ್ರವೇ ಆಗಬೇಕೆಂದಿಲ್ಲ. ನಮ್ಮ ಮಲೆನಾಡಿನದೇ ಪಾಠವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ, ಮಂಗಗಳು ಸತ್ತುಬಿದ್ದವು. ಸುತ್ತಲಿನ ಜನ ಜ್ವರ ಬಂದು ಮಲಗಿದರು. ಅದೇ ಮಂಗನ ಕಾಯಿಲೆ. ರೋಗಾಣುವನ್ನು ಮನುಷ್ಯನಿಗೆ ದಾಟಿಸುವುದು ಉಣುಗು. ಅದು ಇಲಿ, ಹೆಗ್ಗಣದಂಥ ಪ್ರಾಣಿಗಳ ಮೇಲೂ ದನಗಳ ಮೇಲೂ ಬದುಕುತ್ತದೆ. ಮಂಗ ಸತ್ತಾಗ ಅದರ ಮೈಯಿಂದ ಉದುರಿ ಆ ಜಾಗದಲ್ಲೇ ಕಾದಿರುತ್ತದೆ. ಕಾಡು, ಉಣುಗು, ಇಲಿ, ಮಂಗ, ದನ, ತರಗೆಲೆಗೆ ಹೋದ ಕೂಲಿಯವಳು—ಇವರೆಲ್ಲ ಒಂದೇ ಸರಪಳಿಯ ಕೊಂಡಿಗಳು. ಸರಪಳಿಯನ್ನು ಅರಿಯದವರು ಸತ್ತ ಮಂಗವನ್ನು ನೋಡಿಯೂ ದಾಟಿಹೋಗುತ್ತಾರೆ. ಅರಿತ ಮಗು ಅದನ್ನು ಮುಟ್ಟದೆ, ಹತ್ತಿರ ಹೋಗದೆ, ಕೂಡಲೇ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ಆ ಒಂದು ಸುದ್ದಿ ಒಂದು ಕೇರಿಯ ಪ್ರಾಣ ಉಳಿಸಬಹುದು.

ಇದಕ್ಕೆಲ್ಲ ಪ್ರಯೋಗಶಾಲೆ ಎಲ್ಲಿದೆ ಎಂದು ಕೇಳುವಿರಿ. ಪ್ರಯೋಗಶಾಲೆ ಕೊಡಿ ಎಂದು ಸರ್ಕಾರವನ್ನು ಕೇಳಲೇಬೇಕು, ಕೇಳೋಣ. ಆದರೆ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ನೇರ ಗೋಡೆಯ, ಸಮತಟ್ಟು ತಳದ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ಬಿದ್ದ ಮಳೆಯ ಆಳವನ್ನು ಸ್ಕೇಲಿನಿಂದ ಅಳೆಯಲಿ. 1 ಮಿಲಿಮೀಟರ್ ಮಳೆಯೆಂದರೆ 1 ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆಗೆ 4 ಸಾವಿರ ಲೀಟರಿಗೂ ಮಿಕ್ಕಿ. ತನ್ನ ಅಪ್ಪನ ಗದ್ದೆಗೆ ಎಷ್ಟು ನೀರು ಬಿತ್ತೆಂದು ಮಗುವೇ ಲೆಕ್ಕ ಹಾಕಿ ಹೇಳಲಿ.

ಉತ್ತರ ಸರಿಯೆಂದ ಮೇಲೂ 'ನಿನಗೆ ಹೇಗೆ ಗೊತ್ತು?' ಎಂದು ಕೇಳುವುದನ್ನು ಮರೆಯಬೇಡಿ, ಮೇಷ್ಟರೇ. ಆ ಪ್ರಶ್ನೆಯನ್ನು ಮಗು ನಿಮ್ಮನ್ನೂ ಕೇಳೀತು, ನಮ್ಮಂಥ ಪಕ್ಷದವರನ್ನೂ ಕೇಳೀತು. ಕೇಳಲಿ. ಉತ್ತರ ಕೊಡುವ ಹೊಣೆ ನಮ್ಮದು.