ಮುಚ್ಚಿಟ್ಟ ಕಾಯಿಲೆ ಬೆಳೆಯುತ್ತದೆ

(ಹುಳಿಯಾರಿನ ರೈತರ ಕೂಟದಲ್ಲಿ ಗ್ರಾಮಸೇವಕರು ಗಂಡಸರಿಗಾಗಿ ಮಾಡಿದ ಭಾಷಣ)



ಗೊಬ್ಬರ, ಬೀಜ, ತೆಂಗಿನ ಪಾತಿ ಎಂದು ಮಾತನಾಡಬೇಕಾದ ನಾನು ಈ ದಿನ ಬೇರೊಂದು ವಿಷಯ ತೆಗೆದುಕೊಂಡಿದ್ದೇನೆ. ತಮ್ಮಲ್ಲಿ ಅನೇಕರು ನನ್ನ ತಂದೆಯ ವಯಸ್ಸಿನವರು. ಕಿರಿಯನ ಉದ್ಧಟತನವೆಂದು ಭಾವಿಸದೆ ಕೇಳಬೇಕಾಗಿ ಪ್ರಾರ್ಥನೆ. ಗಂಡಸರ ಗುಹ್ಯಭಾಗದ ಚರ್ಮದ ಮೇಲೆ ಕಾಣುವ ಗುಳ್ಳೆ, ಮಚ್ಚೆ, ಹುಣ್ಣು, ತುರಿಕೆಗಳ ವಿಷಯ ಅದು. ನಾನು ವೈದ್ಯನಲ್ಲ. ವೈದ್ಯರಿಂದ ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತೇನೆ.

ಇದಕ್ಕೆ ಕಾರಣವಿದೆ. ಕೆಲವು ಕಾಲದ ಹಿಂದೆ ಒಬ್ಬ ರೈತರು ನನ್ನನ್ನು ತೋಟದ ಮೂಲೆಗೆ ಕರೆದು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಸ್ವಾಮಿ, ಗಿಡಕ್ಕೆ ಹೊಡೆಯುವ ಔಷಧಿಯಲ್ಲಿ ಮೈಗೆ ಹಚ್ಚುವಂಥದ್ದು ಏನಾದರೂ ಇದೆಯೇ?" ಎಂದು ಕೇಳಿದರು. ಎಂಟು ತಿಂಗಳಿಂದ ಅವರ ಮುಂದೊಗಲು ಕೆಂಪಾಗಿ ಬಿರುಕು ಬಿಟ್ಟಿತ್ತು. ಉಷ್ಣವೆಂದರು, ಯಾರದೋ ಶಾಪವೆಂದರು. ಹೆಂಡತಿಗೂ ಹೇಳಿರಲಿಲ್ಲ. ನಾನೇ ಜೊತೆಗೆ ಹೋಗಿ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿದೆ. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಕಾಯಿಲೆ! ಮೂತ್ರದಲ್ಲಿ ಸಕ್ಕರೆ ಹೋಗುವಾಗ ಆ ಜಾಗದಲ್ಲಿ ಬೂಷ್ಟು ಬೆಳೆಯುತ್ತದೆ. ಅನೇಕರಿಗೆ ಸಕ್ಕರೆ ಕಾಯಿಲೆಯ ಮೊದಲ ಗುರುತು ಇದೇ. ಕೆಲವೇ ವಾರಗಳಲ್ಲಿ ಚರ್ಮ ವಾಸಿಯಾಯಿತು. ಎಂಟು ತಿಂಗಳ ಸಂಕಟ ಮಾತ್ರ ವ್ಯರ್ಥವಾಯಿತು.

ನಮ್ಮ ತೆಂಗಿಗೆ ಕಾಂಡ ಸೋರುವ ರೋಗ ಬರುತ್ತದೆ. ಬುಡದ ಹತ್ತಿರ ಕೆಂಪು ರಸ ಕಂಡ ಕೂಡಲೆ ಕೊಳೆತ ಭಾಗ ಕೆತ್ತಿ ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯುತ್ತದೆ. ಉದಾಸೀನ ಮಾಡಿದರೆ ಸುಳಿ ಸಣ್ಣಗಾಗಿ ಫಸಲು ಹೋಗುತ್ತದೆ. ಮರಕ್ಕೆ ಕೊಡುವ ಗಮನವನ್ನು ನಮ್ಮ ಮೈಗೆ ಏಕೆ ಕೊಡಬಾರದು?

ಮೊದಲು ಧೈರ್ಯದ ಮಾತು. ಕಾಣುವುದೆಲ್ಲ ರೋಗವಲ್ಲ. ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿರುವ ಮುತ್ತಿನಂತಹ ಸಣ್ಣ ಗುಳ್ಳೆಗಳು, ಚರ್ಮದ ಕೆಳಗಿನ ಹಳದಿ ಚುಕ್ಕೆಗಳು ಹುಟ್ಟುಗುಣ. ಅವು ಅಂಟುವುದಿಲ್ಲ, ಔಷಧಿಯೂ ಬೇಡ. ಹಾಲಿನಂತೆ ಬೆಳ್ಳಗಾಗುವ ತೊನ್ನು ಸಹ ಅಂಟುರೋಗವಲ್ಲ. ಆದರೆ ಮೈಮೇಲೆ ಎಲ್ಲಿಯಾದರೂ ಸ್ಪರ್ಶವೇ ತಿಳಿಯದ ಮಚ್ಚೆ ಇದ್ದರೆ ಕುಷ್ಠವಿರಬಹುದು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿಯಿದೆ, ಪೂರ್ತಿ ಗುಣವಾಗುತ್ತದೆ.

ರಾತ್ರಿ ಹೆಚ್ಚಾಗುವ ತುರಿಕೆ, ವೃಷಣದ ಮೇಲೆ ಗಂಟುಗಳು ಇದ್ದರೆ ಅದು ಬಹುಶಃ ಕಜ್ಜಿ. ಒಬ್ಬರೇ ಔಷಧಿ ಹಚ್ಚಿದರೆ ಸಾಲದು. ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿ, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ತೊಡೆಸಂದಿನಲ್ಲಿ ಬಳೆಯಂತೆ ಹರಡುವುದು ಹುಳುಕಡ್ಡಿ. ಇದಕ್ಕೆ ಅಂಗಡಿಯಿಂದ ಮುಲಾಮು ತಂದು ಹಚ್ಚುವವರೇ ಹೆಚ್ಚು. ಅಂತಹ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ತುರಿಕೆ ತಗ್ಗುತ್ತದೆ, ಒಳಗೊಳಗೆ ರೋಗ ಹರಡುತ್ತದೆ, ಚರ್ಮ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಇನ್ನು ಕೆಲವರಿಗೆ ನೋವಿನ ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಯಾವ ಮಾತ್ರೆಯೆಂದು ನೆನಪಿಟ್ಟು ವೈದ್ಯರಿಗೆ ಹೇಳಿ.

ಇನ್ನು ನನ್ನ ಕಸುಬಿಗೆ ಸೇರಿದ ಮಾತು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬುವರು, ಹೊಗೆಗೂಡು ಗುಡಿಸುವವರ ವೃಷಣದ ಚರ್ಮಕ್ಕೆ ಮಸಿ ಹತ್ತಿ ಕ್ಯಾನ್ಸರ್ ಬರುತ್ತದೆಂದು ತೋರಿಸಿದರು. 1971ರಲ್ಲಿ ಅಮೆರಿಕದ ಸಂಶೋಧಕರು ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಪರೀಕ್ಷಿಸಿದಾಗ, ಮುಂಗೈಗಿಂತ ವೃಷಣದ ಚರ್ಮವು ಅದನ್ನು ಸುಮಾರು 12 ಪಟ್ಟು ಹೆಚ್ಚು ಹೀರಿತು. ಆದುದರಿಂದ ಸೋರುವ ಸ್ಪ್ರೇಯರ್ ಬೆನ್ನಿಗೆ ಕಟ್ಟಬೇಡಿ. ಪಂಚೆಯೋ ಚಡ್ಡಿಯೋ ಔಷಧಿಯಲ್ಲಿ ನೆನೆದರೆ ಆ ಕ್ಷಣವೇ ಬದಲಾಯಿಸಿ. ಮೂತ್ರಕ್ಕೆ ಹೋದ ಮೇಲೆ ಕೈ ತೊಳೆಯುವುದು ವಾಡಿಕೆ. ಔಷಧಿ ಮುಟ್ಟಿದ ದಿನ ಹೋಗುವ ಮೊದಲೇ ಸೋಪು ಹಚ್ಚಿ ತೊಳೆಯಿರಿ. ಕೆಲಸ ಮುಗಿದೊಡನೆ ಸ್ನಾನ ಮಾಡಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಈಗ ತಡಮಾಡಬಾರದ ಗುರುತುಗಳು. ನೋವಿಲ್ಲದ ಹುಣ್ಣು ಕಂಡರೆ ಪರಂಗಿ ರೋಗ, ಅಂದರೆ ಸಿಫಿಲಿಸ್, ಇರಬಹುದು. ಅದು ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ, ಇದೇ ಮೋಸ. ಹುಣ್ಣು ಮಾಯ್ದರೂ ರೋಗ ಮೈಯಲ್ಲಿ ಉಳಿದು, ಹೆಂಡತಿಗೆ, ಆಕೆಯ ಗರ್ಭದಲ್ಲಿರುವ ಮಗುವಿಗೆ ತಗಲುತ್ತದೆ. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ, ಪೆನಿಸಿಲಿನ್ ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬೆಳೆಯುವ ಗಂಟು, ರಕ್ತ, ಮುಂದೊಗಲ ಕೆಳಗಿಂದ ದುರ್ವಾಸನೆ, ಮೊದಲು ಸರಿಯುತ್ತಿದ್ದ ಮುಂದೊಗಲು ಈಗ ಬಿಗಿಯುವುದು, ಬಿಳಿಯಾಗಿ ಗಡುಸಾಗುವುದು, ತೊಡೆಸಂದಿನಲ್ಲಿ ಗಡ್ಡೆ, ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನವೇ ಹೊರಡಿ. ಕ್ಯಾನ್ಸರ್ ಆಗಿದ್ದರೂ ಬೇಗ ಬಂದವರಿಗೆ ಸಣ್ಣ ಚಿಕಿತ್ಸೆಯಲ್ಲೇ ಅಂಗ ಉಳಿಯಬಹುದು. ತಡಮಾಡಿದವರಿಗೆ ಅಂಗವೂ ಹೋಗಬಹುದು, ಪ್ರಾಣವೂ ಹೋಗಬಹುದು.

ಎಲ್ಲಿಗೆ ಹೋಗಬೇಕು? ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ. ಗುಹ್ಯರೋಗಗಳಿಗೆಂದೇ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್‌ಗಳಿವೆ. ಅಲ್ಲಿ ಗುಟ್ಟು ಕಾಯುತ್ತಾರೆ, ಚಿಕಿತ್ಸೆ ಉಚಿತ. ಹೆಸರು ಹೇಳದೆ ಕೇಳಬೇಕೆಂದರೆ 1097 ಸಂಖ್ಯೆಗೆ ಫೋನು ಮಾಡಬಹುದು. ಹೋಗುವ ಮುನ್ನ ಸುಣ್ಣ, ಬ್ಯಾಟರಿ ನೀರು, ಡೆಟಾಲ್, ಹೊಲದ ಔಷಧಿ ಯಾವುದನ್ನೂ ಹಚ್ಚಬೇಡಿ. ಬರೀ ನೀರಿನಲ್ಲಿ ತೊಳೆದು ಒಣಗಿಸಿಕೊಂಡು ಹೋದರೆ ಸಾಕು.

ಎತ್ತಿನ ಹೆಗಲಲ್ಲಿ ಬಾವು ಬಂದರೆ ಅಂದೇ ಪಶುವೈದ್ಯರ ಬಳಿಗೆ ಹೊಡೆದುಕೊಂಡು ಹೋಗುತ್ತೇವೆ. ಎತ್ತಿಗೆ ನಾಚಿಕೆಯಿಲ್ಲ, ಆದುದರಿಂದ ಬೇಗ ಗುಣವಾಗುತ್ತದೆ. ನಮ್ಮ ನಾಚಿಕೆ ನಮ್ಮನ್ನು ಕೊಲ್ಲಬಾರದು. ತಮ್ಮಲ್ಲಿ ಯಾರಿಗಾದರೂ ಒಬ್ಬರೇ ಹೋಗಲು ಸಂಕೋಚವಾದರೆ ನನಗೆ ಹೇಳಿ. ಯಾರಿಗೂ ತಿಳಿಯದಂತೆ, ಗೊಬ್ಬರ ತರುವ ನೆಪದಲ್ಲಿ, ನಾನೇ ಜೊತೆಗೆ ಬರುತ್ತೇನೆ.