ಜಾಲತಾಣ ಎಚ್ಚರವಿದೆಯೇ?



ಹುಬ್ಬಳ್ಳಿ-ಧಾರವಾಡಗಳ ನಡುವಿನ ನಮ್ಮ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಊರೂರಿಗೆ ವಿದ್ಯುತ್ತು ಒದಗಿಸುವ ಹೆಸ್ಕಾಂ ಕಂಪನಿಯ ಪ್ರಧಾನ ಕಚೇರಿಯೂ ಇದೆ. ಇಂಥ ಸಂಸ್ಥೆಗಳಲ್ಲಿ ಹಿಂದೆ ಫಲಿತಾಂಶಕ್ಕೆ ಫಲಕದ ಮುಂದೆ, ಹಣ ಕಟ್ಟಲು ಕಿಟಕಿಯ ಮುಂದೆ ನಿಲ್ಲಬೇಕಾಗಿತ್ತು. ಬಾಗಿಲು ಮುಚ್ಚಿದ್ದರೆ ಕಣ್ಣಿಗೆ ಕಾಣುತ್ತಿತ್ತು. ಸಾಲು ಉದ್ದವಿದ್ದರೆ ಅದೂ ಕಾಣುತ್ತಿತ್ತು. ಈಗ ಆ ಕೆಲಸಗಳು ಬಹುಮಟ್ಟಿಗೆ ಜಾಲತಾಣದಲ್ಲಿ ನಡೆಯುತ್ತವೆ. ಪುಟ ತೆರೆಯದಿದ್ದಾಗ ಬಾಗಿಲು ಮುಚ್ಚಿದೆಯೋ, ಸಾಲು ಬೆಳೆದಿದೆಯೋ, ನಮ್ಮ ಮನೆಯ ದಾರಿಯೇ ಕಡಿದಿದೆಯೋ ತಿಳಿಯುವುದಿಲ್ಲ. “ಸರ್ವರ್ ಡೌನ್” ಎಂದು ಕೈಬಿಡುತ್ತೇವೆ. ಆದರೆ ಅರ್ಜಿಯ ಕೊನೆಯ ದಿನ ನಮಗಾಗಿ ಕಾಯುವುದಿಲ್ಲ.

ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಮೊದಲನೆಯದು: ಬೇರೆ ಜಾಲತಾಣಗಳು ತೆರೆಯುತ್ತವೆಯೇ? ಯಾವುದೂ ತೆರೆಯದಿದ್ದರೆ ದೋಷ ಬಹುಶಃ ಮನೆಯ ಸಂಪರ್ಕದಲ್ಲೇ ಇದೆ. ಎರಡನೆಯದು: ಬೇರೆ ದಾರಿಯಿಂದ ತೆರೆಯುತ್ತದೆಯೇ? ಮನೆಯ ವೈಫೈ ಬಿಟ್ಟು ಮೊಬೈಲಿನ ಡೇಟಾದಿಂದ ನೋಡಿರಿ. ಬೆಳಗಾವಿಯಲ್ಲೋ ಮೈಸೂರಿನಲ್ಲೋ ಇರುವ ನೆಂಟರಿಗೆ ಫೋನು ಮಾಡಿ ನೋಡಹೇಳಿರಿ. ಮೂರನೆಯದು: ತೆರೆಯದ ಪುಟ ಯಾವ ಅಂಕಿ ತೋರಿಸುತ್ತದೆ? 404 ಎಂದರೆ ಸರ್ವರ್ ಎಚ್ಚರವಿದೆ, ನೀವು ಕೇಳಿದ ಪುಟ ಆ ವಿಳಾಸದಲ್ಲಿಲ್ಲ. 503 ಎಂದರೆ ಭಾರ ಹೆಚ್ಚಾಗಿದೆ ಇಲ್ಲವೆ ದುರಸ್ತಿ ನಡೆದಿದೆ. ಸ್ವಲ್ಪ ತಡೆದು ಬರಬೇಕು.

ಇನ್ನು ವೇಗದ ಮಾತು. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಎಂಬವರು ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮು ಬರೆದರು. ಜಲಾಂತರ್ಗಾಮಿಯನ್ನು ಪತ್ತೆಹಚ್ಚಲು ನೀರಿನೊಳಗೆ ಸದ್ದು ಬಿಟ್ಟು ಮಾರ್ದನಿಗೆ ಕಾಯುವ ಸೋನಾರಿನಿಂದ ಬಂದ ಹೆಸರಿದು. ದೂರದ ಕಂಪ್ಯೂಟರಿಗೆ ಒಂದು ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಹಿಡಿದ ಕಾಲವನ್ನು ಅದು ಅಳೆಯುತ್ತದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರು. ಹೋಗಿಬರಲು ಬೆಳಕಿಗೆ ಸೆಕೆಂಡಿನ ಸಾವಿರದ ನಾಲ್ಕು ಭಾಗ ಸಾಕು. ದಾರಿಯ ಸುತ್ತು, ನಡುವಿನ ಯಂತ್ರಗಳು ಸೇರಿ ಇದು ಕೆಲವು ಪಟ್ಟು ಹೆಚ್ಚಬಹುದು. ಆದರೂ ಪುಟಕ್ಕೆ ಹತ್ತು ಸೆಕೆಂಡು ಹಿಡಿದರೆ ಅದಕ್ಕೆ ದೂರ ಕಾರಣವಲ್ಲ. ನಮ್ಮ ಸಂಪರ್ಕ ಸರಿಯಿದ್ದರೆ, ಬಹುಶಃ ಅಲ್ಲಿ ಸಾಲು ಬೆಳೆದಿದೆ ಎಂದು ತಿಳಿಯಬಹುದು.

ಒಂದು ಎಚ್ಚರಿಕೆ. ಪಿಂಗ್‌ಗೆ ಉತ್ತರ ಬಂದಿತೆಂದರೆ ಬಾಗಿಲಲ್ಲಿ ಕಾವಲುಗಾರ ಇದ್ದಾನೆಂದಷ್ಟೇ ಅರ್ಥ. ಒಳಗೆ ಗುಮಾಸ್ತರು ಕುಳಿತಿದ್ದಾರೆಂದಲ್ಲ. ಭದ್ರತೆಗಾಗಿ ಪಿಂಗ್‌ಗೆ ಉತ್ತರಿಸದ, ಆದರೆ ಚೆನ್ನಾಗಿ ನಡೆಯುವ ತಾಣಗಳೂ ಉಂಟು. ಪುಟವನ್ನೇ ಕೇಳಿ ನೋಡುವುದು ಖಚಿತವಾದ ಪರೀಕ್ಷೆ.

ತಡವಾದಾಗ ಮತ್ತೆ ಮತ್ತೆ ಒತ್ತುವುದು ನಮ್ಮ ಸ್ವಭಾವ. ಒಂದೊಂದು ಒತ್ತೂ ಹೊಸ ಕೋರಿಕೆಯಾಗಿ ಸಾಲಿಗೆ ಸೇರುತ್ತದೆ. ಸಾವಿರಾರು ಜನ ಹೀಗೆ ಮಾಡಿದರೆ ಸಾಲನ್ನು ನಾವೇ ಬೆಳೆಸಿದಂತೆ. ಹಣ ಕಟ್ಟುವಾಗಲಂತೂ ಎರಡನೆಯ ಸಲ ಒತ್ತಲೇಬೇಡಿರಿ. ಉತ್ತರ ಬರುವ ಮುನ್ನ ಪುಟ ನಿಂತಿದ್ದರೂ ಹಣ ಹೋಗಿರಬಹುದು. ಮೊದಲು ಬ್ಯಾಂಕಿನ ಖಾತೆ ನೋಡಿ, ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ.

ಕೊನೆಯ ದಿನದ ಸಂಜೆಗೆ ಕೆಲಸವಿಡದೆ ಒಂದೆರಡು ದಿನ ಮೊದಲೇ, ಬೆಳಗಿನ ಹೊತ್ತು ಮುಗಿಸುವುದು ಲೇಸು. ತಾಣ ನಿಜವಾಗಿಯೂ ನಿಂತಿದ್ದರೆ ದಿನ, ವೇಳೆ, ಕಂಡ ಅಂಕಿಗಳನ್ನು ಗುರುತು ಮಾಡಿ, ಪರದೆಯ ಚಿತ್ರ ತೆಗೆದು, ಗಡುವು ಮುಗಿಯುವ ಮುನ್ನವೇ ಕಚೇರಿಗೆ ಬರೆದು ತಿಳಿಸಿರಿ. “ತೆರೆಯಲಿಲ್ಲ” ಎಂಬ ಬರಿಯ ದೂರಿಗಿಂತ, ಎಷ್ಟು ಗಂಟೆಗೆ, ಯಾವ ದಾರಿಯಿಂದ, ಯಾವ ಉತ್ತರ ಬಂದಿತೆಂಬ ನಾಲ್ಕು ಸಾಲಿಗೆ ತೂಕ ಹೆಚ್ಚು.