ಸಂತ ಅಂತೋಣಿಯವರು ನಡೆದ ದಾರಿ
(ಜೂನ್ 13ರ ಹಬ್ಬದ ಪ್ರಬೋಧನೆ)



ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸಿದರು. ಹಣದ ಚೀಲ ಬೇಡ, ಪಾದರಕ್ಷೆ ಬೇಡ ಎಂದರು. ಪಾದುವಾದ ಸಂತ ಅಂತೋಣಿಯವರು ಆ ಮಾತನ್ನು ಹಾಗೆಯೇ ನಂಬಿ ನಡೆದವರು.

ಅವರು ಹುಟ್ಟಿದ್ದು ಇಟಲಿಯಲ್ಲಲ್ಲ, ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ. ಮೊರಾಕ್ಕೋದಿಂದ ಹಿಂದಿರುಗುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಅಲ್ಲಿಂದ 1221ರಲ್ಲಿ ಅಸ್ಸಿಸಿ, ಮುಂದೆ ಫೋರ್ಲಿ, ರಿಮಿನಿ, ಬೊಲೋನ್ಯ, ಪಾದುವಾ. ಎಲ್ಲ ಕಾಲ್ನಡಿಗೆಯ ಕಾಲ. ನಡೆಯುವವನಿಗೆ ಬಾವಿಕಟ್ಟೆಯಲ್ಲಿ ಕುಳಿತವರ ಕಷ್ಟ ಕಿವಿಗೆ ಬೀಳುತ್ತದೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಮೊಬೈಲು ನೋಡುತ್ತಾ ಹೋಗುವ ನಮಗೆ ನಡುವಿನ ಹಳ್ಳಿಗಳ ಹೆಸರೂ ನೆನಪಿರುವುದಿಲ್ಲ.

1231ರ ತಪಸ್ಸುಕಾಲದಲ್ಲಿ ಅವರು ಪಾದುವಾದಲ್ಲಿ ದಿನವೂ ಬೋಧಿಸಿದರು. ದೇವಾಲಯಗಳು ಸಾಲದೆ ಜನ ಬಯಲಿನಲ್ಲಿ ಸೇರಿದರು. ಸಾಲ ತೀರಿಸಲಾರದವನನ್ನು ಸೆರೆಗೆ ತಳ್ಳುವುದು ಆಗಿನ ರೂಢಿ. ಆ ಮಾರ್ಚ್ ತಿಂಗಳಲ್ಲೇ ನಗರಾಡಳಿತ ಕಾನೂನು ಮಾಡಿತು: ತನ್ನಲ್ಲಿರುವುದನ್ನೆಲ್ಲ ಒಪ್ಪಿಸಿದವನನ್ನು ಸಾಲದ ಕಾರಣಕ್ಕೆ ಸೆರೆಯಲ್ಲಿಡಬಾರದು. ಅಂತೋಣಿಯವರ ಕೋರಿಕೆಯಂತೆ ಎಂದು ಅದರಲ್ಲೇ ಬರೆದಿದೆ. ನಾವೋ, ಕಳೆದುಹೋದ ಬೀಗದಕೈಗಾಗಿ ಮಾತ್ರ ಅವರನ್ನು ಕರೆಯುತ್ತೇವೆ!

ಸಿರುಗುಪ್ಪದ ಭತ್ತದ ಗದ್ದೆಗಾಗಲಿ, ಕುರುಗೋಡಿನ ಮೆಣಸಿನಕಾಯಿ ಹೊಲಕ್ಕಾಗಲಿ ಕಾಲುವೆ ನೀರು ಬರುವ ಮೊದಲೇ ಬೀಜ ಗೊಬ್ಬರಕ್ಕೆ ಕೈಸಾಲ ಬಂದಿರುತ್ತದೆ. ಬಡ್ಡಿಗೆ ಮಳೆ ಬೇಕಿಲ್ಲ, ಅದು ತಾನಾಗಿ ಬೆಳೆಯುತ್ತದೆ. ಇಂದು ಈ ಬಲಿಪೂಜೆಯಲ್ಲಿ ಕೊಟ್ಟವರೂ ಇದ್ದೀರಿ, ತೆಗೆದುಕೊಂಡವರೂ ಇದ್ದೀರಿ. ಕೊಟ್ಟವರೇ, ಅಸಲು ಕೇಳುವುದು ನ್ಯಾಯ. ಹೆಂಡತಿ ಮಕ್ಕಳೆದುರು ಬಾಗಿಲಲ್ಲಿ ನಿಂತು ಅವನ ಮಾನ ಕಳೆಯುವುದು ನ್ಯಾಯವಲ್ಲ. ತೆಗೆದುಕೊಂಡವರೇ, ಇರುವುದನ್ನು ಒಪ್ಪಿಸಬೇಕೆಂದೂ ಆ ಕಾನೂನು ಹೇಳಿತು. ಮಗಳ ಮದುವೆಗೆ ದೊಡ್ಡ ಪೆಂಡಾಲು ಹಾಕಿಸಿ, ಸಾಲ ಕೊಟ್ಟವನಿಗೆ ಬರಿಗೈ ತೋರಿಸಬೇಡಿ.

ಆ ತಪಸ್ಸುಕಾಲದ ದುಡಿಮೆ ಅವರ ದೇಹವನ್ನು ಮುರಿಯಿತು. ವಿಶ್ರಾಂತಿಗೆಂದು ಕಾಂಪೊಸಾಂಪಿಯೆರೊ ಎಂಬಲ್ಲಿ ಅಕ್ರೋಟು ಮರದ ಮೇಲೆ ಕಟ್ಟಿದ ಗುಡಿಸಲಿನಲ್ಲಿದ್ದರು. ಜೂನ್ 13ರಂದು ಕುಸಿದುಬಿದ್ದಾಗ ಪಾದುವಾಕ್ಕೆ ಕರೆದೊಯ್ಯಿರೆಂದು ಬೇಡಿಕೊಂಡರು. ಸುಮಾರು 20 ಕಿಲೋಮೀಟರ್ ದಾರಿ, ಬಳ್ಳಾರಿಯಿಂದ ಕುರುಗೋಡಿನಷ್ಟೂ ಇಲ್ಲ. ಎತ್ತಿನ ಬಂಡಿಯಲ್ಲಿ ಮಲಗಿಸಿದರು. ಜೂನ್ ಬಿಸಿಲಿನಲ್ಲಿ ಬಂಡಿಯ ಕುಲುಕಾಟ ಎಂಥದೆಂದು ದೊಡ್ಡಬಸವಣ್ಣನ ಊರಿನವರಿಗೆ ನಾನು ಹೇಳಬೇಕಿಲ್ಲ. ನಗರ ಮುಟ್ಟುವ ಮೊದಲೇ ಅರ್ಚೆಲ್ಲಾದಲ್ಲಿ ಬಂಡಿ ನಿಂತಿತು. ಅಲ್ಲೇ ಪಾಪನಿವೇದನೆ ಮಾಡಿ, ಮಾತೆ ಮರಿಯಮ್ಮನವರ ಗೀತೆ ಹಾಡಿ ಪ್ರಾಣಬಿಟ್ಟರು. ಗುರುಮಠದವರು ಸುದ್ದಿಯನ್ನು ಗುಟ್ಟಾಗಿಡಲು ನೋಡಿದರು. ಆದರೆ ಪಾದುವಾದ ಮಕ್ಕಳು, ಸಂತರು ತೀರಿಕೊಂಡರು ಎಂದು ಕೂಗುತ್ತಾ ಬೀದಿಬೀದಿ ಓಡಿದರು.